ಅಕಾರಾದಿಯ ಅಪರಾಧ

ನಮ್ಮ ಅತ್ತಿಗೆಯದು ದೃಷ್ಟಿ ತೆಗೆಯುವ ಕೆಲಸವಲ್ಲ, ದೃಷ್ಟಿ ಕೊಡುವ ಕೆಲಸ: ಕನ್ನಡಕದ ಗಾಜು ಉಜ್ಜುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುತ್ತಾರೆ. ತಪ್ಪಿದ್ದರೆ ತಾವೇ ಒಪ್ಪಿಕೊಳ್ಳುವ ಜಾತಿ. ಅಡುಗೆಗೆ ಉಪ್ಪು ಹೆಚ್ಚಾದರೆ ಬಡಿಸುವ ಮೊದಲೇ ಹೇಳಿಬಿಡುತ್ತಾರೆ.

ಹನ್ನೊಂದು ವರ್ಷಗಳಲ್ಲಿ ಮೊದಲ ಬಾರಿಗೆ, ಆ ಸೋಮವಾರ ದೂರು ಬಂತು. ನಲವತ್ತು ಜೊತೆ ಗಾಜು ಓರೆ. ಹಾಕಿಕೊಂಡವರಿಗೆ ಮೆಟ್ಟಿಲು ವಾಲಿ ಕಾಣುತ್ತಿತ್ತು. ಒಬ್ಬ ದರ್ಜಿ ಸೂಜಿ ಬಿಟ್ಟು ಬೆರಳಿಗೇ ದಾರ ಪೋಣಿಸಲು ಹೊರಟಿದ್ದನಂತೆ.

ಮ್ಯಾನೇಜರ್ ಕಾಗದವೊಂದನ್ನು ಮುಂದಿಟ್ಟರು. "ನಿಮ್ಮ ಲೆಕ್ಕದ ತಪ್ಪು ಅಂತ ಬರೆದಿದೆ. ಸಂಜೆಯೊಳಗೆ ಸಹಿ ಹಾಕ್ಬಿಡಿ ಮೇಡಂ. ಇನ್ಮೇಲೆ ಯಂತ್ರ ಬೇರೆಯವರು ನೋಡ್ಕೋತಾರೆ."

"ಮೂರು ತಿಂಗಳಿಂದ ನಾನು ಆ ಲೆಕ್ಕ ಮುಟ್ಟೇ ಇಲ್ಲ ಸರ್."

"ಮುಟ್ಟದೇ ಇದ್ರೆ ಹೇಗೆ ಕೆಟ್ಟೀತು?"

"ಮುಟ್ಟದೇ ಕೆಡೋಕೆ ಇದೇನು ಹಾಲಾ? ಅದನ್ನೇ ನೋಡ್ತೀನಿ."

ಕೆಂಡವಾಗಿ ಹುಡುಕಲು ಕುಳಿತರು. ಪ್ರೋಗ್ರಾಂ ಎರಡು ಲೈಬ್ರರಿಗಳನ್ನು, ಅಂದರೆ ಹಲವು ಪ್ರೋಗ್ರಾಂಗಳು ಹಂಚಿಕೊಳ್ಳುವ ಸಿದ್ಧ ಲೆಕ್ಕಗಳ ಕಂತೆಗಳನ್ನು, ಬಳಸುತ್ತಿತ್ತು: ಗಾಜಿನ ಲೆಕ್ಕಕ್ಕೆ 'ಲೆನ್ಸ್', ಪರದೆಯ ಚಿತ್ರಕ್ಕೆ 'ಡ್ರಾಯಿಂಗ್'. ಎರಡರಲ್ಲೂ 'ರೊಟೇಟ್' ಎಂಬ ಒಂದೇ ಹೆಸರಿನ ಫಂಕ್ಷನ್, ಅಂದರೆ ತಿರುಗಿಸುವ ಲೆಕ್ಕ. ಒಂದು ಎಡಕ್ಕೆ ತಿರುಗಿಸಿದರೆ ಇನ್ನೊಂದು ಬಲಕ್ಕೆ. ಇವನ್ನೆಲ್ಲ ಜೋಡಿಸುವುದು ಲಿಂಕರ್. ನಾವೇ ಬರೆದ ಎರಡು ಕಡತಗಳಲ್ಲಿ ಒಂದೇ ಹೆಸರಿದ್ದರೆ ಅದು ಊರಿಗೆಲ್ಲ ಕೇಳುವಂತೆ ರಂಪ ಮಾಡುತ್ತದೆ. ಇಂಥ ಹಂಚಿಕೆಯ ಲೈಬ್ರರಿಗಳಲ್ಲಿದ್ದರೆ ಮಾತ್ರ ತುಟಿಪಿಟಿಕ್ಕೆನ್ನದೆ, ತನಗೆ ಕೊಟ್ಟ ಲೈಬ್ರರಿಗಳ ಪಟ್ಟಿಯಲ್ಲಿ ಮೊದಲಿದ್ದವರಿಗೆ ಮಣೆ. ಸಾಲಲ್ಲಿ ಮುಂದೆ ನಿಂತವನೇ ಅಳಿಯ ಎಂದಂತಾಯಿತು. ಇದಕ್ಕೆ ನ್ಯಾಯ ಎನ್ನುತ್ತಾರೆಯೇ?

ವರ್ಷಗಳಿಂದ ಮುಂದಿದ್ದ 'ಲೆನ್ಸ್' ಈಗ ಹಿಂದೆ. ಹಾಗಾಗಿ ಗಾಜಿಗೂ ಚಿತ್ರದ 'ರೊಟೇಟ್' ಸಿಕ್ಕಿ, ಗಾಜು ಉಲ್ಟಾ ತಿರುಗಿತ್ತು. ಪಟ್ಟಿ ತಿದ್ದಿದವರ ಹೆಸರೂ ಕಡತದಲ್ಲೇ ದಾಖಲಾಗಿತ್ತು. ಶುಕ್ರವಾರ, ಅಂದವಾಗಿರಲಿ ಎಂದು ಲೈಬ್ರರಿಗಳನ್ನು ಅಕಾರಾದಿಯಾಗಿ ಜೋಡಿಸಿದವರು ಸಾಕ್ಷಾತ್ ಮ್ಯಾನೇಜರ್.

ಅತ್ತಿಗೆ ತೋರಿಸಿದರು. ಮ್ಯಾನೇಜರ್ ಕನ್ನಡಕ ಒರೆಸಿಕೊಂಡು ನೋಡಿದರು.

"ಇಷ್ಟೇನಾ? ಪಟ್ಟಿ ಮೊದಲಿನ ಹಾಗೆ ಮಾಡಿ, ಕಾಗದಕ್ಕೆ ಸಹಿ ಹಾಕಿ. ಸುಮ್ನೆ ಯಾಕೆ ಮಾತು ಬೆಳೆಸೋದು?"

"ಸುಮ್ನಿರೋದು ಲಿಂಕರ್ ಕೆಲಸ ಸರ್. ನಂದಲ್ಲ."

'ನನ್ನ ಲೆಕ್ಕದ ತಪ್ಪು' ಎಂಬ ಸಾಲನ್ನು ಹೊಡೆದುಹಾಕಿ, ನಡೆದದ್ದನ್ನು ಬರೆದು, ಸಹಿ ಮಾಡಿ, ಪೆನ್ನನ್ನು ಅವರತ್ತ ಚಾಚಿದರು. "ಇದರ ಕೆಳಗೆ ನೀವು."

ಅವರು ಪೆನ್ನು ಮುಟ್ಟಲಿಲ್ಲ. ಅತ್ತಿಗೆ ಕಾಗದವನ್ನು ಹಾಗೆಯೇ ಮಾಲೀಕರ ಕೋಣೆಗೆ ಒಯ್ದರು.

ಯಂತ್ರ ಇನ್ನೂ ಅತ್ತಿಗೆಯ ಕೈಯಲ್ಲೇ ಇದೆ. ಗಾಜಿನ ಫಂಕ್ಷನ್ನಿಗೆ ಬೇರೆ ಹೆಸರೂ ಬಂದಿದೆ. 'ತಪ್ಪಾಯ್ತು' ಎಂಬ ಒಂದು ಮಾತು ಮಾತ್ರ ಆ ಮಹಾನುಭಾವರ ಬಾಯಿಂದ ಈವರೆಗೂ ಬಂದಿಲ್ಲ.