ಅವಳು ಊರಿದ ಬಳ್ಳಿಯ ಸೂಪು

ನಾವು ಆ ಕ್ವಾರ್ಟರ್ಸಿಗೆ ಬಂದಾಗ ಅಡುಗೆಮನೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಆದರೂ ಸ್ಟೋವ್ ಇಡುವ ಕಟ್ಟೆಯ ಪಕ್ಕದ ಗೋಡೆಯಲ್ಲಿ ಅಂಗೈ ಅಗಲದ ಎಣ್ಣೆಯ ಕಲೆಯೊಂದು ಸುಣ್ಣವನ್ನು ದಾಟಿ ಹೊರಗೆ ಬಂದಿತ್ತು. ನನ್ನ ಕೈ ಸಹಜವಾಗಿ ತಲುಪುವ ಜಾಗಕ್ಕಿಂತ ಅದು ತುಸು ಮೇಲಿತ್ತು. ನನಗಿಂತ ಎತ್ತರದ ಒಬ್ಬ ಹೆಂಗಸು ಅಲ್ಲಿ ಕೈ ಊರಿ ನಿಂತು ಹಾಲು ಉಕ್ಕುವುದನ್ನು ಕಾಯುತ್ತಿದ್ದಿರಬೇಕು. ನಮಗಿಂತ ಮುಂಚೆ ಅಲ್ಲಿದ್ದ ಆಕೆ ಅದೇ ಮನೆಯಲ್ಲಿ, ನಾವು ಬರುವ ಮುಂಚಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು. ಆಕೆಯ ಗಂಡ ಔರಂಗಾಬಾದಿನ ಚಿಕಲಠಾಣಾದಲ್ಲಿ ಬೇರೆ ಕೆಲಸ ಹಿಡಿದು ಹೋದ ಮೇಲೆ ಮನೆ ನಮಗೆ ಸಿಕ್ಕಿತು.

ಇದು ಅರವತ್ತರ ದಶಕದ ಕೊನೆಯ ಮಾತು. ನಾಸಿಕದ ಹತ್ತಿರ, ಓಝರ್ ಬಳಿಯ ವಿಮಾನ ಕಾರ್ಖಾನೆಯಲ್ಲಿ ನನ್ನ ಯಜಮಾನರು ಟೆಕ್ನೀಷಿಯನ್ ಆಗಿದ್ದರು. ನಮ್ಮ ಎರಡೂ ಮನೆತನಗಳಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಆ ಕಾರಣಕ್ಕೆ ಮನೆಯಲ್ಲಿ ಯಾರಿಗಾದರೂ ಕಾಯಿಲೆಯಾದರೆ, ಡಾಕ್ಟರರ ಮಾತನ್ನು ಸರಿಯಾಗಿ ಕೇಳಿ ಸರಿಯಾಗಿ ನಡೆಸುವ ಹೊಣೆ ನನ್ನ ಮೇಲೆ ಬೀಳುತ್ತಿತ್ತು. ತಪ್ಪಿದರೆ ನನ್ನ ಓದಿಗೇ ತಪ್ಪು ತಗಲುತ್ತದೆ ಎಂಬ ಅಂಜಿಕೆ ಯಾವಾಗಲೂ ಇರುತ್ತಿತ್ತು.

ಬೇಸಿಗೆಯ ಆರಂಭದಲ್ಲಿ ಬೀದರ ಕಡೆಯಿಂದ ಬಂದ ನಮ್ಮತ್ತೆಗೆ ಟೈಫಾಯಿಡ್ ಆಯಿತು. ಜ್ವರ ಇಳಿಯಿತು, ಆದರೆ ಶಕ್ತಿ ಮರಳಲಿಲ್ಲ. ಬೇಳೆ, ಅನ್ನ ಯಾವುದೂ ಹೊಟ್ಟೆಯಲ್ಲಿ ನಿಲ್ಲದು. ಡಾಕ್ಟರರು ಅವರ ಕಣ್ಣಿನ ರೆಪ್ಪೆ ಎಳೆದು ನೋಡಿ, ಹೊರಗೆ ಬಂದು, ತಗ್ಗಿದ ದನಿಯಲ್ಲಿ ಮರಾಠಿಯಲ್ಲಿ ಹೇಳಿದರು: “ಭಾಜ್ಯಾಂಚಂ ಸೂಪ್ ದ್ಯಾ. ತೇಲ್ ನಕೋ.” ಎಣ್ಣೆಯಿಲ್ಲದ ತರಕಾರಿ ಸೂಪು ಕೊಡಿ, ಅದೂ ಹೋಗದಿದ್ದರೆ ಈ ದೇಹ ತಾಳುವುದು ಕಷ್ಟ ಎಂಬುದು ಅವರ ಮಾತಿನ ತಾತ್ಪರ್ಯವಾಗಿತ್ತು.

ಮೊದಲ ಸಲ ಗಜ್ಜರಿ, ಉಳ್ಳಾಗಡ್ಡಿ, ಒಂದು ಟೊಮೆಟೊ ಹಾಕಿ ಮಾಡಿಕೊಟ್ಟೆ. ಅತ್ತೆ ಬಟ್ಟಲನ್ನು ಬೆಳಕಿಗೆ ಹಿಡಿದು ನೋಡಿದರು.

“ನೋಡಪಾ, ನಿನ್ನ ಹೆಣತಿ ಕಾಲೇಜಿಗಿ ಹೋಗಿ ಕಾಯಿಪಲ್ಯಾ ತೊಳದ ನೀರ ಕಾಸ್ಲಕ ಕಲ್ತು ಬಂದಾಳ,” ಎಂದು ಮಗನಿಗೆ ಹೇಳಿ, ಮೂಗು ಮುರಿಯುತ್ತಲೇ ಅಷ್ಟನ್ನೂ ಕುಡಿದರು. ಅದು ಹೊಟ್ಟೆಯಲ್ಲಿ ನಿಂತಿತು. ನನಗೆ ಜೀವ ಬಂದ ಹಾಗಾಯಿತು.

ಆದರೆ ವಾರದ ಸಂತೆಯಿಂದ ತಂದ ತರಕಾರಿ ಆ ಬಿಸಿಲಿಗೆ ಎರಡೇ ದಿನಕ್ಕೆ ಬಾಡಿತು. ಹಿತ್ತಲಲ್ಲಿ ಬಚ್ಚಲ ನೀರು ಹರಿಯುವ ಕಡೆ ಸೋರೆಯ ಬಳ್ಳಿಯೊಂದು ತಾನಾಗಿ ಬೇಲಿಗೆ ಹಬ್ಬಿ, ಎಳೆಗಾಯಿ ಬಿಟ್ಟಿತ್ತು. ಒಂದನ್ನು ಕೊಯ್ದು ತಂದು ಹೆಚ್ಚುತ್ತಿದ್ದಾಗ ಅತ್ತೆ ಮಲಗಿದ್ದ ಹೊರಸಿನ ಮೇಲಿಂದಲೇ ಕೇಳಿದರು.

“ಎಲ್ಲೀದದು?”

“ಹಿತ್ತಲದ್ದರಿ, ಅತ್ತಿ.”

“ಆಕಿ ಹಚ್ಚಿದ್ದಾ?”

ಆ ತೀರಿಕೊಂಡವಳ ಮಾತೆಂದು ತಿಳಿದೂ ನಾನು ಹೆಚ್ಚುತ್ತಲೇ ಇದ್ದೆ. ಅತ್ತೆ ಗೋಡೆಯ ಕಡೆ ತಿರುಗಿ ಮಲಗಿದರು. “ಆಕಿ ಇನ್ನಾ ಹೋಗಿಲ್ಲ. ಅಡಗಿಮನ್ಯಾಗ ಕೈ ಊರಿ ನಿಂತಾಳ. ಆಕಿ ಕಾಯಿ ನಂಗ ಬ್ಯಾಡ, ಅದು ಕುದ್ದ ಗಡಗ್ಯಾಗಿಂದೂ ಬ್ಯಾಡ.”

ಆ ಎಣ್ಣೆಯ ಕಲೆಯ ವಿಷಯವನ್ನು ನಾನು ಯಾರಿಗೂ ಹೇಳಿರಲಿಲ್ಲ. ಅತ್ತೆ ಹಾಸಿಗೆ ಹಿಡಿದಂದಿನಿಂದ ಅಡುಗೆಮನೆಗೆ ಬಂದಿರಲೂ ಇಲ್ಲ. ಹಿಂದೆ ಎಂದೋ ನೋಡಿರಬಹುದು ಎಂದು ನನ್ನ ಮನಸ್ಸಿಗೆ ನಾನೇ ಕಾರಣ ಕೊಟ್ಟುಕೊಂಡೆ. ಆದರೂ ಆ ಮೇಲೆ ಸ್ಟೋವಿನ ಮುಂದೆ ನಿಲ್ಲುವಾಗ ಎಡಗಡೆ ಒಬ್ಬರಿಗೆ ಆಗುವಷ್ಟು ಜಾಗ ಬಿಟ್ಟು ನಿಲ್ಲತೊಡಗಿದೆ.

ಬೇರೆ ಪಾತ್ರೆ ಕೊಂಡು ತಂದೆವು, ಪಕ್ಕದ ಮನೆಯಿಂದ ಗಂಜಿ ತರಿಸಿದೆವು. ಅತ್ತೆ ಬಾಯಿ ತೆರೆಯಲಿಲ್ಲ. ಮಜ್ಜಿಗೆಯ ನೀರೊಂದೇ ಒಳಗೆ ಹೋಗುತ್ತಿತ್ತು. ಬಳೆ ಜಾರುವಷ್ಟು ಕೈ ಸೊರಗಿತು. ಮಗ ಗದರಿದರೂ, ಅತ್ತರೂ ಅವರು ಗೋಡೆಯ ಕಡೆಗೇ ತಿರುಗಿ ಮಲಗಿರುತ್ತಿದ್ದರು.

ಅಂಥ ಒಂದು ರವಿವಾರ ಬೆಳಿಗ್ಗೆ ತೀರಿಕೊಂಡ ಆಕೆಯ ಗಂಡ ಬಂದರು. ಹೋಗುವಾಗ ಹೊರಲಾರದೆ ಬಿಟ್ಟಿದ್ದ ಬೀಸುಕಲ್ಲನ್ನು ಒಯ್ಯಲು ಔರಂಗಾಬಾದಿನಿಂದ ಎಸ್‌.ಟಿ. ಬಸ್ಸಿನಲ್ಲಿ ಬಂದಿದ್ದರು. ಅದು ಆಕೆಯ ತವರಿನದಂತೆ. ಹಿತ್ತಲಿಗೆ ಹೋದವರು ಕಲ್ಲನ್ನು ಮುಟ್ಟದೆ ಬೇಲಿಯನ್ನೇ ನೋಡುತ್ತ ನಿಂತುಬಿಟ್ಟರು.

“ವೈನಿ, ಇದು ಹುಟ್ಟ್ಯಾದಲ್ಲ!” ಎಂದು ನನ್ನನ್ನು ಕರೆದು ಹೇಳಿದರು. ಒಳಗೆ ಬಂದು ಹೊರಸಿನ ಪಕ್ಕ ಕುಳಿತ ಮೇಲೂ ಅದೇ ಮಾತು. “ಬೀಜಾ ಊರಿದ ಮ್ಯಾಲ ಆಕಿ ಎದ್ದೇ ಇಲ್ರಿ, ಅವ್ವಾರ. ದಿನಾ ಕೇಳತಿದ್ಲು, ಮೊಳಕಿ ಬಂತೇನ್ರಿ ಅಂತ. ನಾ ಹಿತ್ತಲಕ ಹೋಗಿ ನೋಡ್ಲಿಲ್ಲ. ಬಂದಾದ ಬಂದಾದ ಅಂದಬಿಡತಿದ್ದೆ.”

ಅತ್ತೆ ಎಷ್ಟೋ ದಿನಗಳ ಮೇಲೆ ಮೊಣಕೈ ಊರಿ ಎದ್ದು ಕುಳಿತರು.

“ತಮ್ಮಾ, ಹಂಗಾರ ಆಕಿ ಸುಮ್ಮ ನಿಂತಿಲ್ಲಪಾ. ಹಚ್ಚಿದಾಕಿ ಬಾಯಿಗಿ ಒಂದ ಹನಿ ಬಿದ್ದಿಲ್ಲ. ನಾವ್ಯಾಂಗ ಉಣಬೇಕು?” ನನ್ನ ಕಡೆ ತಿರುಗಿದರು. “ಮುತ್ತೈದಿ ಆಗಿ ಹೋಗ್ಯಾಳ. ಆಕಿ ಹೆಸರೀಲಿ ಮುತ್ತೈದಿಗಿ ಉಣಸಬೇಕು. ಈ ಮನ್ಯಾಗ ಮತ್ಯಾರ ಅದಾರ? ನೀನೇ ಕೂಡು.”

“ಹೋಳಗಿ ಮಾಡಲೇನ್ರಿ?” ಎಂದು ಕೇಳಿದೆ. ಶಾಸ್ತ್ರದಲ್ಲಾದರೂ ತಪ್ಪಾಗಬಾರದೆಂಬ ಎಚ್ಚರ ನನ್ನದು.

“ಹೋಳಗಿ ಯಾರ ಕೇಳ್ಯಾರ? ಅದೇ ನಿನ್ನ ನೀರ ಕಾಸು. ಆಕಿ ಕಾಯಿ ಇರಬೇಕು, ಅಷ್ಟೇ.”

ಎಳೆಯ ಸೋರೆಕಾಯಿಯ ಸಿಪ್ಪೆಯನ್ನು ತೆಳುವಾಗಿ ಹೆರೆದೆ. ಹೋಳುಗಳ ಜೊತೆ ಅರ್ಧ ಉಳ್ಳಾಗಡ್ಡಿ, ಕೊತ್ತಂಬರಿಯ ದಂಟು, ಒಂದು ಚಮಚ ಹೆಸರುಬೇಳೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಿದೆ. ಕಡಗೋಲಿನಿಂದ ಕಡೆದು, ಜಾಲರಿಯಲ್ಲಿ ಸೋಸಿ, ಉಪ್ಪು ಹಾಕಿ ಮತ್ತೊಂದು ಕುದಿ ಬರಿಸಿದೆ. ಇಳಿಸಿದ ಮೇಲೆ ಚಿಟಿಕೆ ಮೆಣಸಿನಪುಡಿ, ನಾಲ್ಕು ಹನಿ ಲಿಂಬೆ. ತಿಳಿಹಸಿರು ಬಣ್ಣ ಬಂದಿತ್ತು. ಹಬೆ ಗೋಡೆಯ ಆ ಕಲೆಯ ಕಡೆಗೇ ವಾಲಿ ಹೋಗುತ್ತಿತ್ತು. ಹಬೆ ಹೊರಹೋಗುವ ಕಿಟಕಿ ಎದುರುಬದಿಗಿತ್ತು.

ಹಣೆಗೆ ಕುಂಕುಮ ಹಚ್ಚಿಕೊಂಡು ಮಣೆಯ ಮೇಲೆ ಕುಳಿತೆ. ಬಡಿಸಿದವಳೂ ನಾನೇ, ಉಣ್ಣುವವಳೂ ನಾನೇ. ಬೀಸುಕಲ್ಲನ್ನು ಗೋಣಿಯಲ್ಲಿ ಕಟ್ಟಿಕೊಂಡ ಆಕೆಯ ಗಂಡ ಬಾಗಿಲಲ್ಲೇ ನಿಂತಿದ್ದರು. ಬಿಸಿ ನಾಲಿಗೆಗೆ ತಾಗಿತು, ಉಪ್ಪು ತಾಗಿತು. ಬಟ್ಟಲು ಬರಿದಾಯಿತು.

“ತಂಗಿ, ಹೊಟ್ಟಿ ತುಂಬ್ತೇನವ್ವಾ?” ಎಂದರು ಅತ್ತೆ.

ಅವರು ನನ್ನನ್ನು ಎಂದೂ ಹಾಗೆ ಕರೆದವರಲ್ಲ. ಅವರ ದೃಷ್ಟಿ ನನ್ನ ಮುಖದ ಮೇಲೂ ಇರಲಿಲ್ಲ. ನನ್ನ ಭುಜದ ಮೇಲಿಂದ, ತುಸು ಎತ್ತರದಲ್ಲಿ, ಅಡುಗೆಮನೆಯ ಕಡೆ ನೋಡುತ್ತಿದ್ದರು. ನಾನು ಕಾದೆ. ಉತ್ತರ ಬರಬೇಕಾದದ್ದು ನನ್ನಿಂದಲೇ ಎಂದು ಆಮೇಲೆ ಹೊಳೆಯಿತು.

“ತುಂಬ್ತರಿ,” ಎಂದೆ.

ಬಾಗಿಲಲ್ಲಿದ್ದವರು ಗೋಣಿಯನ್ನು ಹೆಗಲಿಗೇರಿಸಿಕೊಂಡು, ಹೇಳದೆ ಹೊರಟುಹೋದರು. ಅತ್ತೆ ಬಟ್ಟಲಿಗೆ ಕೈ ಚಾಚಿದರು. “ಇನ್ನ ನಂಗ ಹಾಕು.” ಒಂದು ಬಟ್ಟಲು ಕುಡಿದು, ಇನ್ನೊಂದು ಕೇಳಿದರು. ಅಂದಿನಿಂದ ದಿನವೂ ಕುಡಿದರು. ಮಳೆ ಹಿಡಿಯುವ ಹೊತ್ತಿಗೆ ಅವರೇ ಹಿತ್ತಲಿಗೆ ನಡೆದು ಕಾಯಿ ಕೊಯ್ದು ತರುವಂತಾದರು.

ಆದರೆ ಆ ಬೆಳಿಗ್ಗೆ ಅವರಿಗೆ ಎರಡನೆಯ ಬಟ್ಟಲು ಬಗ್ಗಿಸುತ್ತಿದ್ದಾಗ, ಆಗಷ್ಟೇ ನಾನು ಒಂದು ಬಟ್ಟಲು ಬರಿದು ಮಾಡಿದ್ದರೂ, ಬೆಳಗಿನಿಂದ ಒಂದು ಹನಿಯೂ ಒಳಗೆ ಹೋಗದವಳ ಹಾಗೆ ನನ್ನ ಹೊಟ್ಟೆ ಹಸಿವಿನಿಂದ ಉರಿಯುತ್ತಿತ್ತು.