ಐದು ಮಣೆಗಳ ಚನ್ನವೀರ ಸರ್

ಚನ್ನವೀರ ಸರ್ ನಿಂತೇ ಊಟ ಮಾಡುತ್ತಿದ್ದರು. ಬೆಟಗೇರಿಯ ಅವರ ಮನೆಯ ಪಡಸಾಲೆಯಲ್ಲಿ ಐದು ಮಣೆಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು, ಕೂತು ಕೂತು ನುಣುಪಾದ ಸಾಗವಾನಿಯ ಮಣೆಗಳು. ಅವುಗಳಲ್ಲಿ ಒಂದನ್ನೂ ಎಳೆದುಕೊಳ್ಳದೆ, ಅಡುಗೆಮನೆಯ ಕಟ್ಟೆಯ ಪಕ್ಕದಲ್ಲಿ ತಾಟು ಹಿಡಿದು ನಿಂತು ರೊಟ್ಟಿ ಮುರಿಯುತ್ತಿದ್ದರು. ಆ ಮನೆಯಲ್ಲಿ ಅವರೊಬ್ಬರೇ. ಐದು ಮಣೆ ಖಾಲಿ ಇರುವಾಗ ಒಬ್ಬ ಮನುಷ್ಯ ನಿಂತು ಉಣ್ಣುವುದು ಯಾವ ಶಿಸ್ತು ಎಂದು ಮೊದಲ ದಿನವೇ ಕೇಳಿಬಿಟ್ಟೆ.

"ಮನೀಯವ್ರು ಕುಂತ್ರ ಬಂದವ್ರಿಗೆ ಒಂದ ಮಣಿ ಕಡಿಮಿ ಆಗತೈತಲ್ರಿ," ಅಂದರು.

ಬರುವವರು ಯಾರು ಎಂದು ಮಾತ್ರ ಕೇಳಲಿಲ್ಲ. ನನ್ನ ನಾಲಿಗೆ ಎಷ್ಟು ಉದ್ದ ಎಂಬುದು ಶಿರಹಟ್ಟಿಯ ನಮ್ಮ ಓಣಿಗೆಲ್ಲ ಗೊತ್ತು. ಅವತ್ತು ಅದು ಹೇಗೋ ಸುಮ್ಮನಿತ್ತು.

ನಾನು ಮನೆಯಲ್ಲೇ ಕೂತು ಒಂದು ಕಂಪನಿಗೆ ಪ್ರೋಗ್ರಾಮ್ ಬರೆಯುವವಳು. ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಇಟ್ಟ ಲೆಕ್ಕವಿಲ್ಲದಷ್ಟು ಫೈಲುಗಳನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಕೆಲಸ. ಇಂಥ ಕೆಲಸಕ್ಕೆ ಎಲ್ಲವನ್ನೂ ನಾವೇ ಬರೆಯುವುದಿಲ್ಲ. ಯಾರೋ ಪುಣ್ಯಾತ್ಮರು ಬರೆದು, ಬೇಕಾದವರು ಎತ್ತಿಕೊಳ್ಳಲಿ ಎಂದು ಇಟ್ಟ ಸಿದ್ಧ ಪ್ರೋಗ್ರಾಮುಗಳಿರುತ್ತವೆ. ಅವಕ್ಕೆ ಲೈಬ್ರರಿ ಅನ್ನುತ್ತೇವೆ. ಫೈಲ್ ತೆಗೆದು ಮುಚ್ಚಲು ನಾನು ಎತ್ತಿಕೊಂಡ ಲೈಬ್ರರಿ ಬಲು ಹಟಮಾರಿ. ಒಮ್ಮೆಗೆ ಐದೇ ಫೈಲು ತೆಗೆಯುತ್ತಿತ್ತು. ಒಂದು ಮುಚ್ಚಿದ ಮೇಲೆಯೇ ಇನ್ನೊಂದು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಆ ಮಿತಿಯನ್ನೇ ಕಿತ್ತು ಹಾಕಿ ಎಲ್ಲ ಫೈಲುಗಳನ್ನೂ ಒಟ್ಟಿಗೆ ಬಿಟ್ಟೆ. ಇನ್ನು ತೆಗೆಯಲಾರೆ ಎಂದು ಕಂಪ್ಯೂಟರು ಕೈಚೆಲ್ಲಿತು, ಅರ್ಧಂಬರ್ಧ ಬರೆದ ಫೈಲುಗಳು ಅಲ್ಲಲ್ಲೇ ಬಿದ್ದವು.

ಈ ಐದರ ಹಟ ಯಾರದು ನೋಡೋಣ ಎಂದು ಲೈಬ್ರರಿಯ ಒಳಹೊಕ್ಕೆ. ಅದು ಸರಿಯಾಗಿ ನಡೆಯುತ್ತದೋ ಇಲ್ಲವೋ ಎಂದು ಪರೀಕ್ಷಿಸಲು ಸಣ್ಣ ಸಣ್ಣ ಫೈಲುಗಳನ್ನು ಇಟ್ಟಿದ್ದರು. ಅವುಗಳ ಹೆಸರು ಓದಿ ನಾನು ಕುರ್ಚಿಯಲ್ಲಿ ನೆಟ್ಟಗಾದೆ. ಸೊರಟೂರ. ಮಲ್ಲಸಮುದ್ರ. ಲಕ್ಷ್ಮೇಶ್ವರ. ಮುಂಡರಗಿ. ಇನ್ನೂ ಎರಡು. ಎಲ್ಲ ನಮ್ಮ ಗದುಗಿನ ಸುತ್ತಲಿನ ಊರುಗಳು. ತೆಗೆದು ನೋಡಿದರೆ ಒಳಗೆ ಕನ್ನಡ. ಸೊರಟೂರಿನಲ್ಲಿ "ಮೊಸರು ಒಲ್ಲೆ" ಎಂದಿತ್ತು. ಮಲ್ಲಸಮುದ್ರದಲ್ಲಿ "ತೆಳ್ಳನ ರೊಟ್ಟಿ". ಲಕ್ಷ್ಮೇಶ್ವರದಲ್ಲಿ "ರೋಜಾ ದಿನ ಸಂಜೀಕ". ಎಲ್ಲಿಯವನೋ ಒಬ್ಬ, ಈ ಫೈಲುಗಳು ಕೆಟ್ಟಿವೆ, ಅಕ್ಷರ ಚಿತ್ರವಿಚಿತ್ರವಾಗಿವೆ ಎಂದು ದೂರು ಕೊಟ್ಟಿದ್ದ. ಕೆಟ್ಟಿಲ್ಲ, ಅವರು ಉಣ್ಣುತ್ತಿದ್ದದ್ದೇ ಹಾಗೆ ಎಂದು ಇಂಗ್ಲಿಷಿನಲ್ಲಿ ಉತ್ತರವಿತ್ತು.

ನಾನು ಕನ್ನಡದಲ್ಲೇ ಬರೆದೆ: ಸರ್, ನಾನು ಶಿರಹಟ್ಟಿಯ ಶಾಹೀನ್, ಈ ಐದನ್ನು ಸ್ವಲ್ಪ ಹೆಚ್ಚಿಸಬಾರದೇ. ಉತ್ತರ ಕೂಡಲೇ ಬಂತು. "ಬೇಕಾದವ್ರು ಹೆಚ್ಚ ಮಾಡಿಕೊಳ್ಳಲಿ. ಕೇಳದವ್ರಿಗೆ ಐದ ಸಾಕು. ಶಿರಹಟ್ಟಿಯಿಂದ ಬೆಟಗೇರಿಗೆ ಬಸ್ ಅದಾವಲ್ರಿ, ಬರ್ರಿ, ಯಾಕಂತ ತೋರಸ್ತೀನಿ."

ಹೋದೆ. ಸೊರಗಿದ ಮೈ, ಇಸ್ತ್ರಿ ಮಾಡಿದ ಅಂಗಿ, ದಪ್ಪ ಕನ್ನಡಕ. ಐವತ್ತು ದಾಟಿದ ವಯಸ್ಸು. ಮೊದಲು ಕಂಪ್ಯೂಟರ್ ಕ್ಲಾಸು ನಡೆಸುತ್ತಿದ್ದರಂತೆ, ಮದುವೆಯಾಗಿರಲಿಲ್ಲ. ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಲೇ ಇಲ್ಲ. ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿದರು. ಆ ಮನೆ ಒಂದು ಕಾಲಕ್ಕೆ ಅವರ ತಾಯಿ ನಡೆಸುತ್ತಿದ್ದ ಖಾನಾವಳಿ. ಸುತ್ತಲಿನ ಊರುಗಳಿಂದ ಗದುಗಿಗೆ ನೌಕರಿಗೆ, ವ್ಯಾಪಾರಕ್ಕೆ ಬಂದವರು ಅಲ್ಲಿ ಉಣ್ಣುತ್ತಿದ್ದರು. ತಾಯಿ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ, ಊರಿನಿಂದಲೇ ಗುರುತು. ಸೊರಟೂರವ್ರು ಬಂದ್ರು, ಮೊಸರು ಒಳಗಿಡು. ಲಕ್ಷ್ಮೇಶ್ವರದ ಸಾಹೇಬ್ರದು ರೋಜಾ ಉಪಾಸ, ಸಂಜೀಕ ಬುತ್ತಿ ಕಟ್ಟು. ಆ ತಾಯಿ ತೀರಿಕೊಂಡು, ಖಾನಾವಳಿ ಮುಚ್ಚಿ, ಉಂಡವರೆಲ್ಲ ಎಲ್ಲೆಲ್ಲೋ ಹೋಗಿ ಎಷ್ಟೋ ವರ್ಷವಾದ ಮೇಲೆ, ಮಗ ಅವರನ್ನು ತನ್ನ ಫೈಲುಗಳಲ್ಲಿ ಕೂರಿಸಿದ್ದ.

"ನೋಡ್ರಿ," ಎಂದು ಬಿಸಿ ರೊಟ್ಟಿ ಹಾಕುತ್ತ ಹೇಳಿದರು, "ಒಬ್ಬಾಂವ ಉಣ್ಣೂತನಕ ನಮ್ಮವ್ವ ಅವನ ಮುಂದ ನಿಂತಿರತಿದ್ದಿಲ್ಲ. ಒಬ್ಬಗ ರೊಟ್ಟಿ ಹಾಕಿ, ಅಂವ ಅದನ್ನ ತಿನ್ನೂದ್ರಾಗ ಉಳದ ನಾಕ ಮಂದೀನ್ನ ನೋಡಿ ಬರತಿದ್ಲು. ಆದ್ರ ಹಂಚು ಒಂದ, ಕೈ ಎರಡ. ಆರನೇದಾಂವನ್ನ ಕುಂಡ್ರಿಸಿದ್ರ ಆರೂ ಮಂದಿಗೆ ತಣ್ಣನ ರೊಟ್ಟಿ. ಅದಕ್ಕ ಆರನೇದಾಂವ ಹೊರಗ ಕಟ್ಟಿ ಮ್ಯಾಲ ಕುಂದರಬೇಕು. ಕುಂದರಾಕ ನಾಚಿಕಿ ಏನೈತ್ರಿ?"

ಇದನ್ನು ನಾನು ಎಷ್ಟೋ ಕಡೆ ಓದಿದ್ದೆ, ಕಠಿಣ ಹೆಸರುಗಳಲ್ಲಿ ಓದಿದ್ದೆ. ತಲೆಗೆ ಹತ್ತಿದ್ದು ಅವತ್ತು. ಅದರ ಜೊತೆಗೆ ಅವರ ಕೆಂಪು ಚಟ್ನಿಯೂ ನೆತ್ತಿಗೆ ಹತ್ತಿತು. ಕಣ್ಣು ಮೂಗೆಲ್ಲ ಸುರಿಯತೊಡಗಿ, ಒಂದು ತಂಬಿಗೆ ನೀರು ಕುಡಿದೆ. ಸರ್ ಗಾಬರಿಯಾಗಿ ಬೆಲ್ಲ ಹುಡುಕಿದರು. "ಮುಸಲರ ಮನ್ಯಾಗ ಖಾರ ತಿನ್ನೂದಿಲ್ಲೇನ ತಂಗಿ?" ಎಂದರು. "ನಮ್ಮನ್ಯಾಗ ಎಲ್ಲಾರೂ ತಿಂತಾರ್ರಿ. ನಾನೊಬ್ಬಾಕಿ ಖಾರಾನ ಮಾತಿನ್ಯಾಗ ಉಗಳತೀನಿ, ನುಂಗೂದಿಲ್ಲ," ಅಂದೆ. ಜೋರಾಗಿ ನಕ್ಕರು. ಆ ಮನೆ ಬಹಳ ದಿನದಿಂದ ನಗು ಕೇಳಿರಲಿಲ್ಲವೆಂದು ನನಗನ್ನಿಸಿತು.

ಆಮೇಲೆ ಗುರುವಾರಕ್ಕೊಮ್ಮೆ ಹೋಗತೊಡಗಿದೆ. ಹೋಗುವುದಕ್ಕೆ ಕಾರಣವೂ ಇತ್ತು. ಸರ್ ಅವರ ಕಣ್ಣಿನ ನರ ಸೊರಗುತ್ತಿತ್ತು. ಹೋದ ನೋಟ ತಿರುಗಿ ಬಾರದು, ಇದ್ದದ್ದನ್ನು ಕಾಪಾಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದರು. ತೆರೆಯ ಮೇಲಿನ ಅಕ್ಷರಗಳನ್ನು ದೊಡ್ಡದು ಮಾಡುತ್ತ ಮಾಡುತ್ತ, ಕಡೆಗೆ ಒಂದು ತೆರೆಯಲ್ಲಿ ಎರಡು ಮೂರು ಪದ ಮಾತ್ರ ಹಿಡಿಯುತ್ತಿದ್ದವು. ಜಗತ್ತಿನ ಯಾವ್ಯಾವುದೋ ಮೂಲೆಯಲ್ಲಿ ಜನ ಆ ಲೈಬ್ರರಿಯನ್ನು ನೆಚ್ಚಿಕೊಂಡಿದ್ದರು. ಅದನ್ನು ನೋಡಿಕೊಳ್ಳುವವರು ಇವರೊಬ್ಬರೇ. ನಾನು ಓದಿ ಹೇಳುತ್ತಿದ್ದೆ, ಅವರು ಹೇಳಿದ್ದನ್ನು ಬರೆಯುತ್ತಿದ್ದೆ. ಆದರೆ ಬರೆದದ್ದನ್ನು ಲೋಕಕ್ಕೆ ಬಿಡುವ ಪಾಸ್‌ವರ್ಡನ್ನು ಯಾರಿಗೂ ಕೊಟ್ಟಿರಲಿಲ್ಲ. ಅದನ್ನು ಹೊಡೆಯುವಾಗ ನಾನು ಮುಖ ತಿರುಗಿಸಬೇಕಿತ್ತು.

"ಸರ್, ನಾಳೆ ನಿಮಗ ಪೂರ್ತಿ ಕಾಣದಂಗ ಆದ್ರ ಇದನ್ನ ಯಾರ ನೋಡ್ಕೋಬೇಕು? ನನಗ ಕೊಡ್ರಿ, ನಾ ನೋಡ್ಕೋತೀನಿ," ಎಂದು ಒಮ್ಮೆ ನೇರವಾಗಿಯೇ ಕೇಳಿದೆ.

"ತಂಗಿ, ದೂರು ಹೇಳಾಕರ ಯಾರರ ಬರತಾರ. ಇದನ್ನ ಕೊಟ್ರ ಅವರೂ ನಿನ್ನ ಮನೀಗೇ ಬರತಾರಲ್ಲ?"

ನಾನು ಕೆಲಸದ ಮಾತಾಡಿದ್ದೆ, ಅವರು ಬದುಕಿನ ಮಾತಾಡಿದರು. ನಿಜವೇ. ಓಣಿಯಲ್ಲಿ ಅವರನ್ನು ಮಾತಾಡಿಸುವವರಿಲ್ಲ, ಏನು ಕೆಲಸ ಮಾಡುತ್ತಾರೆಂದು ತಿಳಿದವರೂ ಇಲ್ಲ. ಬೆಳಿಗ್ಗೆ ಎದ್ದು ಯಾರಾದರೂ ದೂರು ಬರೆದಿದ್ದಾರೆಯೇ ಎಂದು ನೋಡುವುದೇ ಅವರಿಗೆ ಬಾಗಿಲು ತೆಗೆದು ಕಟ್ಟೆ ನೋಡಿದಂತೆ. ವಾರಗಟ್ಟಲೆ ಯಾರೂ ಬರೆಯದಿದ್ದರೆ "ಎಲ್ಲಾರೂ ಚಲೋ ಇದ್ದಾರ ಅಂತ ಕಾಣತೈತಿ" ಎಂದು ಮಂಕಾಗಿ ಹೇಳುತ್ತಿದ್ದರು. ಮತ್ತೆ ಆ ಮಾತು ಎತ್ತಲಿಲ್ಲ.

ಆಮೇಲೊಂದು ದೂರು ಬಂತು, ಎಲ್ಲಕ್ಕಿಂತ ಕೆಟ್ಟದ್ದು. ಪ್ರೋಗ್ರಾಮು ನಡುವೆಯೇ ನಿಂತುಬಿಡುತ್ತದೆ, ತಪ್ಪಾಗಿದೆ ಎಂದೂ ಹೇಳುವುದಿಲ್ಲ, ಸುಮ್ಮನೆ ಕಾಯುತ್ತಲೇ ಇರುತ್ತದೆ. ನಾನು ಒಂದೊಂದೇ ಸಾಲು ಓದುತ್ತ ಹೋದೆ, ಸರ್ ಕಣ್ಣು ಮುಚ್ಚಿ ಕೇಳುತ್ತ ಕೂತರು. ಒಂದು ಸಾಲಿಗೆ ಕೈ ಎತ್ತಿದರು. ಫೈಲು ತೆಗೆಯಲು ಹೋಗಿ ಅದು ಸಿಗದಿದ್ದರೆ ಏನಾಗುತ್ತದೆ? ಕೆಲಸ ಸೋತು ಹಿಂತಿರುಗುತ್ತದೆ. ಐದರಲ್ಲಿ ಅದು ಹಿಡಿದ ಜಾಗ? ಅದನ್ನು ಮರಳಿ ಕೊಡುವ ಸಾಲೇ ಅಲ್ಲಿರಲಿಲ್ಲ. ಹಾಗೆ ಐದು ಸಲ ಸೋತರೆ ಐದು ಜಾಗವೂ ಹೋದವು, ಉಳಿದವರು ಕಟ್ಟೆಯ ಮೇಲೆಯೇ.

"ಸಿಟ್ಟಾಗಿ ಉಣ್ಣದ ಎದ್ದ ಹ್ವಾದಾಂವ ಮಣಿ ಬಗಲಾಗ ಇಟಗೊಂಡ ಹೋಗ್ಯಾನಲ್ಲ," ಎಂದು ನಕ್ಕರು. ನಾನು ತಿದ್ದಿದೆ. ಅವರು ಇನ್ನೂ ಅದರ ಗುಂಗಿನಲ್ಲೇ ಇದ್ದರು. "ಉಂಡಾಂವನೂ ಏಳಬೇಕು, ಉಣ್ಣದಾಂವನೂ ಏಳಬೇಕು. ಮಣಿ ಬಿಡಬೇಕು. ಇದನ್ನ ಬರದಾಂವ ನಾನ, ಮರತಾಂವನೂ ನಾನ." ಅವತ್ತು ನಾನು ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದರು.

ಮುಂದಿನ ಗುರುವಾರ ರಮಜಾನ್ ಶುರುವಾಗಿತ್ತು. ನಾನು ರೋಜಾ ಇದ್ದೆ. ಹೋಗಿ ನೋಡಿದರೆ ಸರ್ ಪಡಸಾಲೆಯಲ್ಲಿ ಒಂದೇ ಮಣೆ ಹಾಕಿ ಅದರ ಮೇಲೆ ಕೂತಿದ್ದರು. ಅವರು ಕೂತದ್ದನ್ನು ನಾನು ಕಂಡದ್ದು ಅದೇ ಮೊದಲು.

"ತಂಗಿ, ಇವತ್ತ ನಾ ಉಣ್ಣಾಕ ಬಂದಾಂವ. ನೀ ಬಡಸ್ತಿ?"

ಬಡಿಸಿದೆ. ರೊಟ್ಟಿ, ಎಣ್ಣೆಗಾಯಿ, ಮೊಸರು. ಕಣ್ಣು ತಡಕಾಡುತ್ತಿತ್ತು, ಬಟ್ಟಲು ಎಲ್ಲಿದೆಯೆಂದು ಬೆರಳು ಮುಟ್ಟಿಸಿ ತೋರಿಸಿದೆ. ನಿಧಾನಕ್ಕೆ ಉಂಡರು. ಕೈ ತೊಳೆದು ಬಂದು, ಮಣೆಯನ್ನು ತಾವೇ ಎತ್ತಿ ಗೋಡೆಗೆ ಒರಗಿಸಿ, ಪಾಸ್‌ವರ್ಡನ್ನು ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು. ಮುಂಡರಗಿಯಲ್ಲಿರುವ ಒಡಹುಟ್ಟಿದ ತಂಗಿ ಕರೆದೊಯ್ಯಲು ಬರುತ್ತಾಳೆ, ಇನ್ನು ಅಲ್ಲೇ ಇರುವುದು ಎಂದರು. ನನಗೆ ಅಳು ಬಂತು, ಮರೆಮಾಡಲಿಲ್ಲ. ಅವರಿಗೆ ಕಾಣುತ್ತಲೂ ಇರಲಿಲ್ಲ. ಹೊರಡುವಾಗ ಕೈಗೆ ಒಂದು ಬುತ್ತಿಗಂಟು ಕೊಟ್ಟರು. "ಸಂಜೀಕ," ಅಂದರು.

ಹಬ್ಬವಾದ ಮೇಲೆ ಮುಂಡರಗಿಗೆ ಹೋಗಬೇಕೆಂದಿದ್ದೆ. ಅಷ್ಟರಲ್ಲಿ ಅವರ ತಂಗಿಯ ಫೋನ್ ಬಂತು, ಅಣ್ಣ ನಿದ್ದೆಯಲ್ಲೇ ಹೋದ ಎಂದು. ಪಾಸ್‌ವರ್ಡ್ ಸಿಕ್ಕ ಮೇಲೂ ಅಲ್ಲಿಯವರೆಗೆ ನಾನು ಲೈಬ್ರರಿಗೆ ಕೈ ಹಚ್ಚಿರಲಿಲ್ಲ. ಅವರು ಇರುವಾಗಲೇ ಯಜಮಾನಿಕೆ ಮಾಡುವುದು ಮನಸ್ಸಿಗೆ ಬಂದಿರಲಿಲ್ಲ. ಮಣ್ಣಿಗೆ ಹೋಗಿ ಬಂದ ಮಾರನೆಯ ದಿನ ಯಾರದೋ ದೂರು ಬಂದಿತ್ತು, ಸಣ್ಣದು. ತಿದ್ದಿ, ಬಿಡುವ ಮೊದಲು ಪರೀಕ್ಷೆ ಓಡಿಸಿದೆ. ಊರುಗಳ ಹೆಸರು ತೆರೆಯ ಮೇಲೆ ಬರತೊಡಗಿದವು. ಸೊರಟೂರ ಒಳಗೆ, ಮಲ್ಲಸಮುದ್ರ ಒಳಗೆ, ಲಕ್ಷ್ಮೇಶ್ವರ ಒಳಗೆ. ಐದು ತುಂಬಿದವು. ಮುಂಡರಗಿ ಕಾಯುತ್ತಿದೆ ಎಂದಿತು. ಅದರ ಕೆಳಗೆ ನಾನೆಂದೂ ನೋಡದ ಇನ್ನೊಂದು ಸಾಲು: ಶಿರಹಟ್ಟಿ ಕಾಯುತ್ತಿದೆ.

ಕಣ್ಣು ಕಾಣದ ಆ ಮನುಷ್ಯ, ಪಾಸ್‌ವರ್ಡ್ ಕೊಡುವ ಮೊದಲು, ತಡಕಾಡುತ್ತ ಕೀಲಿ ಒತ್ತಿ ಆ ಫೈಲು ಸೇರಿಸಿದ್ದರು. ಸೊರಟೂರ ಎದ್ದಿತು, ಮುಂಡರಗಿ ಕೂತಿತು. ಮಲ್ಲಸಮುದ್ರ ಎದ್ದಿತು, ಶಿರಹಟ್ಟಿ ಕೂತಿತು. ತೆಗೆದು ನೋಡಿದೆ. ಒಳಗೆ ಎರಡೇ ಪದ: "ಖಾರ ಕಡಿಮಿ".

ಮಧ್ಯಾಹ್ನ ಅಮ್ಮಿ ಊಟಕ್ಕೆ ಕರೆದಳು. ಎಲ್ಲರೂ ಚಾಪೆಯ ಮೇಲೆ ಕೂತಿದ್ದರು, ನನಗೂ ಜಾಗ ಬಿಟ್ಟಿದ್ದರು. ನಾನು ತಾಟು ಎತ್ತಿಕೊಂಡು ಅಡುಗೆಮನೆಯ ಕಟ್ಟೆಯ ಪಕ್ಕಕ್ಕೆ ಹೋದೆ. ಇದೇನು ಹೊಸದು, ಬಂದು ಕೂರು ಎಂದು ಅಮ್ಮಿ ಗದರಿದಳು. ನಾನು ನಿಂತೇ ಉಂಡೆ.