ನೆಲ್ಲಿನ ಚೀಲಗಳ ನಡುವೆ ಒಂದು ಮೈಕು

ಅಕ್ಕನ ಗಂಟಲಿನ ಗಂಟನ್ನು ತೆಗೆಯಲೇಬೇಕು ಎಂದು ಬಳ್ಳಾರಿಯ ವೈದ್ಯರು ಹೇಳಿದ ದಿನ ನನ್ನ ಮೈಕು ಇನ್ನೂ ಬಿಡಿಬಿಡಿಯಾಗಿ ಅಡುಗೆಮನೆಯ ಕಟ್ಟೆಯ ಮೇಲೆ ಬಿದ್ದಿತ್ತು. ದನಿಯ ನರ ಆ ಗಂಟಿಗೆ ಅಂಟಿಕೊಂಡೇ ಹೋಗುತ್ತದಂತೆ. ಜೀವಕ್ಕೇನೂ ಭಯವಿಲ್ಲ, ದನಿ ಮಾತ್ರ ಮೊದಲಿನ ಹಾಗೆ ಇದ್ದರೂ ಇರಬಹುದು, ಇಲ್ಲದೆಯೂ ಹೋಗಬಹುದು ಎಂದರು. ಅಕ್ಕ ಹೂಂ ಎಂದು ತಲೆಯಾಡಿಸಿ, ನಾಟಿ ಮುಗಿಸಿಕೊಂಡು ಬರುತ್ತೇನೆ ಎಂದು ತನ್ನೂರು ದೇಶನೂರಿಗೆ ಹೋಗಲು ಬಸ್ಸು ಹತ್ತಿದಳು. ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ.

ಅವ್ವ ಹೋದ ಮೇಲೆ ನನ್ನನ್ನು ಸಾಕಿದವಳು ಈ ಅಕ್ಕ. ನಾಟಿಯ ಸಾಲಿನಲ್ಲಿ ಮುಂದಾಗಿ ಹಾಡುವವಳು ಅವಳೇ. ಅವಳು ಒಂದು ಸಾಲು ಎತ್ತಿದರೆ ಉಳಿದ ಹೆಂಗಸರೆಲ್ಲ ಅದನ್ನೇ ಹಿಂದಿನಿಂದ ಅನ್ನುತ್ತಾರೆ. ಶಾಲೆಗೆ ರಜೆ ಬಿಟ್ಟಾಗ ನಾನೂ ಆ ಕೆಸರಿನಲ್ಲಿ ನಿಂತು ಬಾಯಿಗೆ ಬಂದಂತೆ ಒದರಿದ್ದೇನೆ. ಈಗ ನಾನು ಬಳ್ಳಾರಿಯ ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗ ಮಾಡಿಸುವವಳು. ಕೈಯಲ್ಲಿ ಸೋಲ್ಡರಿಂಗ್ ಕಡ್ಡಿ ಇಲ್ಲದಿದ್ದರೆ ಏನೋ ಕಳೆದುಕೊಂಡವಳಂತೆ ಮನೆ ತುಂಬ ತಿರುಗುತ್ತೇನೆ.

ಅಕ್ಕನ ಹಾಡನ್ನು ಫೋನಿನಲ್ಲಿ ಹಿಡಿದಿಟ್ಟುಕೊಂಡರೆ ಆಯಿತಲ್ಲ, ಇಷ್ಟು ಪಡಿಪಾಟಲು ಯಾಕೆ ಎಂದು ನನ್ನ ಗಂಡ ಕೇಳಿದರು. ಹಿಡಿದು ನೋಡಿದ್ದೆ. ಅಕ್ಕನ ದನಿಯ ತಳದಲ್ಲಿ ಒಂದು ಗರಗರ ಇದೆ, ಮರಳಿನ ದಾರಿಯಲ್ಲಿ ಚಕ್ಕಡಿ ಉರುಳಿದ ಹಾಗೆ. ಫೋನು ಅದನ್ನು ಕಸವೆಂದು ತಿಳಿದು ಚೊಕ್ಕಟವಾಗಿ ಗುಡಿಸಿ ಹಾಕಿತ್ತು. ಉಳಿದದ್ದು ಬಸ್‌ಸ್ಟ್ಯಾಂಡಿನಲ್ಲಿ ಬಸ್ಸುಗಳ ಹೆಸರು ಕೂಗುವ ಯಾವುದೋ ಹೆಂಗಸಿನ ದನಿ. ಕೇಳಿ ನನಗೆ ಮೈ ಉರಿಯಿತು.

ನಾನು ಮಾಡಹೊರಟದ್ದು ವಾಲ್ವಿನ ಕಂಡೆನ್ಸರ್ ಮೈಕು. ಹಿತ್ತಾಳೆಯ ಬಿಲ್ಲೆಯ ಮುಂದೆ ಈರುಳ್ಳಿಯ ಪೊರೆಗಿಂತ ತೆಳ್ಳಗಿನ, ಚಿನ್ನದ ಲೇಪದ ಹಾಳೆ ಬಿಗಿದಿರುತ್ತದೆ. ಉಸಿರು ತಾಗಿದರೂ ಅದು ನಡುಗುತ್ತದೆ. ಆ ನಡುಕದಿಂದ ಹುಟ್ಟುವ ಇಷ್ಟೇ ಇಷ್ಟು ವಿದ್ಯುತ್ತನ್ನು ವಾಲ್ವು ಎತ್ತಿ ದೊಡ್ಡದು ಮಾಡುತ್ತದೆ. ವಾಲ್ವು ಎಂದರೆ ನಮ್ಮಪ್ಪನ ಕಾಲದ ರೇಡಿಯೋಗಳ ಹೊಟ್ಟೆಯಲ್ಲಿ ಕೆಂಪಗೆ ಹೊಳೆಯುತ್ತಿತ್ತಲ್ಲ, ಆ ಗಾಜಿನ ಬುರುಡೆ. ಬಿಲ್ಲೆ ಮತ್ತು ಹಾಳೆ ಅಂಚೆಯಲ್ಲಿ ಬಂದವು. ವಾಲ್ವು ಬಳ್ಳಾರಿಯ ಒಂದು ಹಳೆಯ ರಿಪೇರಿ ಅಂಗಡಿಯ ಅಟ್ಟದ ಮೇಲೆ ಸಿಕ್ಕಿತು. ಹೊರಮೈಗೆ ಹಿತ್ತಾಳೆಯ ಕೊಳವೆಯನ್ನು ಕುರುಗೋಡಿನ ಲೇತಿನವನಿಗೆ ಕಡೆಯಲು ಕೊಟ್ಟೆ. ನಾಟಿಯ ಹಂಗಾಮು, ಅವನ ಕೈ ತುಂಬ ಟ್ರ್ಯಾಕ್ಟರಿನ ಪಿನ್ನುಗಳು. ನಾಳೆ ಬರ್ರಿ, ನಾಳೆ ಬರ್ರಿ ಎಂದು ಸತಾಯಿಸಿದ. ಕೊನೆಗೆ ಅವನ ಅಂಗಡಿಯ ಮುಂದೆಯೇ ಸ್ಟೂಲು ಹಾಕಿಕೊಂಡು ಕೂತುಬಿಟ್ಟೆ. ನನ್ನ ಮೋರೆ ನೋಡಲಾರದೆ ಮಾಡಿಕೊಟ್ಟ. ಮೈಕಿನ ತಲೆಯ ಮೇಲಿನ ಜಾಲರಿ ನನ್ನ ಮನೆಯ ಚಹಾ ಸೋಸುವ ಜರಡಿಯೇ ಆಗಿತ್ತು. ಅಷ್ಟು ದಿನವೂ ಗಂಡ ಪುಡಿ ತೇಲುವ ಚಹಾ ಕುಡಿದು ಸುಮ್ಮನಿದ್ದರು, ಪುಣ್ಯಾತ್ಮ.

ನಮ್ಮ ಓಣಿಯಲ್ಲಿ ಮನೆಗೊಂದು ಜೀನ್ಸ್ ಹೊಲಿಯುವ ಮಷೀನು. ಮೈಕು ಹಚ್ಚಿದೊಡನೆ ಕಿವಿಯಲ್ಲಿ ಗುಂಯ್ ಎಂದಿತು. ಅದು ನನ್ನ ವೈರುಗಳ ಗುಂಯೋ ಪಕ್ಕದ ಮನೆಯ ಹೊಲಿಗೆಯದೋ ತಿಳಿಯಲಿಲ್ಲ. ಅವರು ಊಟಕ್ಕೆ ಏಳುವುದನ್ನೇ ಕಾದು ಕೂತು, ಎದ್ದ ಕೂಡಲೇ ಓಡಿಬಂದು ಕೇಳಿದೆ. ಗುಂಯ್ ನಿಂತಿರಲಿಲ್ಲ. ಹಾಗಾದರೆ ಕಳ್ಳ ಮನೆಯೊಳಗೇ ಇದ್ದಾನೆ ಎಂದು ಎಲ್ಲ ಬಿಚ್ಚಿ ಮತ್ತೆ ಜೋಡಿಸಿದೆ. ಅವಸರದಲ್ಲಿ, ಸ್ವಿಚ್ಚು ಆರಿಸಿದ್ದೇನಲ್ಲ ಎಂಬ ಧೈರ್ಯದಿಂದ, ಇನ್ನೂ ಇನ್ನೂರು ವೋಲ್ಟು ಹಿಡಿದುಕೊಂಡಿದ್ದ ಕೆಪಾಸಿಟರನ್ನು ಮುಟ್ಟಿ ಬೆರಳು ಸುಟ್ಟುಕೊಂಡೆ. ವಿದ್ಯಾರ್ಥಿಗಳಿಗೆ ಇದನ್ನೇ ಮಾಡಬೇಡಿರೆಂದು ವರ್ಷವಿಡೀ ಹೇಳುವವಳು ನಾನು. ಗಂಡ ನಗಲಿಲ್ಲ, ಮುಲಾಮು ತಂದುಕೊಟ್ಟರು. ಅವರು ನಕ್ಕಿದ್ದರೆ ಜಗಳವಾದರೂ ಆಡಬಹುದಿತ್ತು.

ಆಪರೇಷನ್ನಿಗೆ ಒಂದು ವಾರ ಇದೆ ಎನ್ನುವಾಗ ಗುಂಯ್ ನಿಂತಿತು. ಮೈಕನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಸಿರುಗುಪ್ಪದ ಬಸ್ಸು ಹತ್ತಿದೆ. ಅಲ್ಲಿಂದ ದೇಶನೂರು. ಅಕ್ಕನ ಮನೆಯ ಒಳಕೋಣೆಯ ಸುತ್ತ ಗೋಡೆ ಕಾಣದಂತೆ ನೆಲ್ಲಿನ ಚೀಲಗಳನ್ನು ಒಟ್ಟಿದ್ದರು. ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲಿಯೇ ಸತ್ತುಹೋಗುತ್ತಿತ್ತು. ಇಂಥ ಕೋಣೆ ಕಟ್ಟಿಸಲು ಪೇಟೆಯವರು ಏನೆಲ್ಲ ಒದ್ದಾಡುತ್ತಾರೆ ಎಂದುಕೊಂಡು, ಮೈಕನ್ನು ಸ್ಟ್ಯಾಂಡಿಗೆ ಕಟ್ಟಿ, ಕೈಕಾಲು ತೊಳೆಯಲು ಹಿತ್ತಲಿಗೆ ಹೋದೆ.

ಬಂದು ನೋಡಿದರೆ ಅಕ್ಕ ಅದಕ್ಕೆ ಪೂಜೆ ಮಾಡಿ ಮುಗಿಸಿದ್ದಳು. ಹಿತ್ತಾಳೆಗೆ ಅರಿಸಿನ ಕುಂಕುಮ, ಜಾಲರಿಯ ಮೇಲೆ ಕನಕಾಂಬರ. ಅಷ್ಟಕ್ಕೇ ಬಿಡದೆ ಹೂವಿನಿಂದ ನೀರು ಬೇರೆ ಚಿಮುಕಿಸಿದ್ದಳು. ಆ ಹಾಳೆಗೆ ಬಾಯಿಯ ಆವಿ ಕೂಡ ಆಗಿಬರುವುದಿಲ್ಲ. ಹಚ್ಚಿ ಕೇಳಿದೆ. ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಪಟ, ಬೇರೇನೂ ಇಲ್ಲ. ನಾನು ಕೂಗಾಡಿಬಿಟ್ಟೆ. ತಿಂಗಳುಗಟ್ಟಲೆ ಮಾಡಿದ್ದನ್ನು ಒಂದು ಗಳಿಗೆಯಲ್ಲಿ ಕೆಡಿಸಿದೆಯಲ್ಲ ಎಂದೆ. ಯಾರು ಹೇಳಿದ್ದರು ನಿನಗೆ ಎಂದೆ. ಆಪರೇಷನ್ ಇರುವುದು ಅವಳಿಗೆ ಎಂಬುದೂ ಆಗ ನೆನಪಿಗೆ ಬರಲಿಲ್ಲ.

ಅಕ್ಕ ಸಿಟ್ಟಾಗಲಿಲ್ಲ. ಟ್ರ್ಯಾಕ್ಟರಿಗೆ, ಪಂಪಿಗೆ, ಮಿಕ್ಸರಿಗೆ ಮಾಡಿದ್ದನ್ನೇ ಇದಕ್ಕೂ ಮಾಡಿದ್ದಳು. ನನ್ನ ಕೈ ಹಿಡಿದು ಸುಟ್ಟ ಬೆರಳನ್ನು ತಿರುಗಿಸಿ ನೋಡಿದಳು.

"ಪೂಜಿ ಮಾಡದ ಮಷೀನು ಮುಟ್ಟಿದವರನ್ನ ಕಚ್ಚತೈತಿ. ನೋಡಿಲ್ಲಿ, ಆಗಲೇ ಕಚ್ಚೇತಿ."

ಅವಳೇ ಎದ್ದು ಅಕ್ಕಿಯನ್ನು ಬಾಣಲೆಯಲ್ಲಿ ಬೆಚ್ಚಗೆ ಮಾಡಿದಳು. ನೀರಿಗೆ ಬಿದ್ದ ಫೋನನ್ನು ಮಗ ಅಕ್ಕಿಯಲ್ಲಿಟ್ಟು ಒಣಗಿಸಿದ್ದನ್ನು ನೋಡಿದ್ದಳಂತೆ. ನಾನು ಬಿಲ್ಲೆಯನ್ನು ಬಿಚ್ಚಿ ಡಬ್ಬಿಯಲ್ಲಿಟ್ಟು, ತೆಳು ಬಟ್ಟೆ ಬಿಗಿದು, ಆ ಅಕ್ಕಿಯಲ್ಲಿ ಹುಗಿದೆ. ಮಧ್ಯಾಹ್ನದ ತನಕ ಅಂಗಳಕ್ಕೂ ಕೋಣೆಗೂ ಸುಳಿದಾಡಿದೆ. ಅಕ್ಕ ರೊಟ್ಟಿ ತಿನ್ನು ಎಂದರೆ ಸೇರಲಿಲ್ಲ. ಮತ್ತೆ ಜೋಡಿಸಿ ಹಚ್ಚಿದಾಗ ಕೋಣೆಯ ಆಚೆ ಕೋಳಿ ಕಾಳು ಕುಕ್ಕುವುದು ಕೂಡ ಕೇಳಿತು. ಕುಂಕುಮದ ಬೊಟ್ಟೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಒರೆಸಿದೆ.

ರೆಕಾರ್ಡರು ಹಚ್ಚಿ ಅಕ್ಕನನ್ನು ಮೈಕಿನ ಮುಂದೆ ಕೂರಿಸಿದೆ. ಮೊದಲ ಸಾಲು ಬಂತು, ಎರಡನೆಯದು ಬರಲಿಲ್ಲ. ಮತ್ತೆ ಶುರು ಮಾಡಿದಳು, ಮತ್ತೆ ಅಲ್ಲೇ ನಿಂತಳು.

"ಕುಂತು ಹಾಡಂದ್ರ ಹೆಂಗ ಬರತೈತಿ? ಕೈ ನಡದ್ರ ಮಾತು ಬರತಾವು," ಎಂದು ಅವಳು ಎದ್ದು, ಸೀರೆ ಎತ್ತಿ ಕಟ್ಟಿ, ಬಗ್ಗಿ ನಿಂತಳು. ಎಡಗೈಯಲ್ಲಿ ಇಲ್ಲದ ಸಸಿಯ ಕಟ್ಟು. ಬಲಗೈಯ ಬೆರಳುಗಳು ಸೆಗಣಿ ಸಾರಿಸಿದ ನೆಲವನ್ನು ಒತ್ತಿದವು. ಹಾಡು ಕಾಲುವೆಯ ನೀರಿನ ಹಾಗೆ ಬಂತು. ಆದರೆ ನಾಟಿ ಹಚ್ಚುವವರು ಹಿಂದಕ್ಕೆ ನಡೆಯುತ್ತಾರೆ, ನೆಟ್ಟ ಸಸಿಯನ್ನು ತುಳಿಯಬಾರದಲ್ಲ. ಅಕ್ಕನೂ ಒಂದೊಂದೇ ಹೆಜ್ಜೆ ಹಿಂದೆ ಸರಿಯುತ್ತ ನನ್ನ ಮೈಕಿನಿಂದ ದೂರವಾಗುತ್ತಿದ್ದಳು. ಇಷ್ಟೆಲ್ಲ ಲೆಕ್ಕ ಹಾಕಿದ್ದ ನನಗೆ ಇದೊಂದು ಹೊಳೆದಿರಲಿಲ್ಲ.

ನಿಲ್ಲಿಸು ಎಂದರೆ ಮತ್ತೆ ಬರುವುದೋ ಇಲ್ಲವೋ. ಮೈಕನ್ನು ಸ್ಟ್ಯಾಂಡಿನಿಂದ ಕಿತ್ತು, ಕೈಯಲ್ಲಿ ಹಿಡಿದು, ಅವಳ ಮಗ್ಗುಲಿಗೆ ಹೋಗಿ ಬಗ್ಗಿದೆ. ನಾಟಿಯ ಸಾಲಿನಲ್ಲಿ ನನ್ನ ಜಾಗ ಅದೇ ಆಗಿತ್ತು. ಅವಳು ಹಾಡಿನ ಸಾಲು ಮುಗಿಸಿ ತಡೆದಳು, ತಿರುಗಿ ನನ್ನ ಮುಖ ನೋಡಿದಳು. ಮಗ್ಗುಲಿಗೆ ಬಂದವಳು ಹಿಂದಿನಿಂದ ಅನ್ನದಿದ್ದರೆ ಮುಂದಿನ ಸಾಲು ಏಳುವುದಿಲ್ಲ. ಅನ್ನಲೇಬೇಕಾಯಿತು. ಅಕ್ಕನ ದನಿಯೊಂದೇ ನಿರ್ಮಲವಾಗಿ ಬೇಕೆಂದು ಮಾಡಿದ ಮೈಕಿನಲ್ಲಿ ನನ್ನ ಒಡಕು ಗಂಟಲೂ ತುಂಬಿಕೊಂಡಿತು. ವೈರು ಬಿಗಿಯಾಗುವ ತನಕ, ನಮ್ಮಿಬ್ಬರ ಬೆನ್ನು ನೆಲ್ಲಿನ ಚೀಲಕ್ಕೆ ತಾಗುವ ತನಕ ಹಾಡಿದೆವು.

ಆಪರೇಷನ್ ಚೆನ್ನಾಗಿ ಆಯಿತು. ದನಿ ಮರಳಲಿಲ್ಲ. ತಡೆಯಿರಿ, ಕೆಲವರಿಗೆ ತಡವಾಗಿ ಬರುತ್ತದೆ ಎಂದರು ವೈದ್ಯರು. ತಡೆಯುವುದೊಂದನ್ನು ಬಿಟ್ಟು ಬೇರೆ ಏನು ಬೇಕಾದರೂ ಮಾಡಬಲ್ಲೆ ನಾನು. ಆಸ್ಪತ್ರೆಯ ಮಂಚದ ಬಳಿ, ಆ ಹಾಡು ಕೇಳಿಸಿದರೆ ನೋವಾಗುತ್ತದೋ ಏನೋ ಎಂದು ಇಯರ್‌ಫೋನು ಹಿಡಿದುಕೊಂಡೇ ಕೂತೆ. ಅವಳೇ ಕೈಚಾಚಿ ಇಸಿದುಕೊಂಡು ಕಿವಿಗೆ ಹಾಕಿಕೊಂಡಳು.

ಕಣ್ಣು ಮುಚ್ಚಿ ಕೇಳಿದಳು. ನನ್ನ ದನಿ ಬಂದಲ್ಲಿ ಸದ್ದಿಲ್ಲದೆ ನಕ್ಕಳು. ಬಲಗೈಯ ಬೆರಳುಗಳು ಹೊದಿಕೆಯ ಮೇಲೆ ಸಸಿ ಊರುತ್ತ ಊರುತ್ತ ಸರಿದವು. ಮುಗಿದ ಮೇಲೆ ಇಯರ್‌ಫೋನು ತೆಗೆದು, ನನ್ನ ಕಿವಿಯನ್ನು ಬಾಯಿಯ ಹತ್ತಿರ ಎಳೆದುಕೊಂಡಳು.

"ಈಗ ನೀ ಮುಂದ ಹೇಳು. ನಾ ಹಿಂದ ಅಂತೀನಿ."

ನನಗೆ ಪೂರ್ತಿ ಬರುವುದಿಲ್ಲ ಎಂದೆ. ಅವಳು ನನ್ನ ಕಿವಿ ಬಿಡಲಿಲ್ಲ. ಬಂದಷ್ಟನ್ನು, ಮೊದಲ ಸಾಲನ್ನು ಎತ್ತಿದೆ. ಅಕ್ಕ ಹಿಂದಿನಿಂದ ಅಂದಳು. ಸ್ವರ ಇರಲಿಲ್ಲ. ಫೋನು ಕಸವೆಂದು ಗುಡಿಸಿ ಹಾಕಿದ್ದ ಆ ಗರಗರ ಮಾತ್ರ ಇತ್ತು. ಅದು ಪೂರ್ತಿ ಇತ್ತು. ನಾನು ಅಳುತ್ತಲೇ ಎರಡನೆಯ ಸಾಲು ಹೇಳಿದೆ.